ಕಾರಿನೊಳಗಿನ ಮಂದ್ರಧ್ವನಿ

ಮಂದ್ರ, ಮಧ್ಯ, ತಾರ ಎಂದು ನಮ್ಮ ಸಂಗೀತಶಾಸ್ತ್ರವು ಸ್ಥಾಯಿಗಳನ್ನು ಮೂರಾಗಿ ವಿಂಗಡಿಸಿದೆ. ತಾರಸ್ಥಾಯಿಯು ಕಿವಿಯನ್ನು ಸೆಳೆಯುತ್ತದೆ. ಮಂದ್ರವಾದರೋ ಕಿವಿಗಿಂತ ಮಿಗಿಲಾಗಿ ಎದೆಗೆ ತಾಗುತ್ತದೆ. ಜಾತ್ರೆಯಲ್ಲಿ ಡೊಳ್ಳಿನ ಮುಂದೆ ನಿಂತವರಿಗೆಲ್ಲ ಇದು ಅನುಭವವೇದ್ಯವಾದ ಸಂಗತಿ. ಮನುಷ್ಯನ ಕಿವಿಗೆ ಎಟಕುವ ಧ್ವನಿಯು ಸೆಕೆಂಡಿಗೆ ಸುಮಾರು 20 ಕಂಪನಗಳಿಂದ ಮೊದಲಾಗಿ 20,000 ಕಂಪನಗಳವರೆಗೆ ವ್ಯಾಪಿಸಿದೆ. ಅದರ ತೀರ ಕೆಳಗಿನ ಪಾಲನ್ನು, ಅಂದರೆ ಹೆಚ್ಚುಕಡಿಮೆ 100 ಹರ್ಟ್ಸ್‌ಗಿಂತ ಕೆಳಗಿನದನ್ನು, ನುಡಿಸುವುದಕ್ಕಾಗಿಯೇ ಪ್ರತ್ಯೇಕವಾದೊಂದು ಧ್ವನಿವರ್ಧಕವನ್ನು ಈಚಿನ ಕೆಲವು ಕಾರುಗಳಲ್ಲಿ ಕಾರ್ಖಾನೆಯಿಂದಲೇ ಅಳವಡಿಸಿ ಕಳುಹಿಸುತ್ತಾರೆ. ಅದಕ್ಕೆ ಸಬ್‌ವೂಫರ್ ಎಂದು ಹೆಸರು. ಈ ಬರಹದ ವಸ್ತು ಅಂಥ ಒಂದು ಸಬ್‌ವೂಫರಿನ ದುರಸ್ತಿ. ವಿದ್ಯಾಸಂಸ್ಥೆಯ ಸ್ಮರಣ ಸಂಪುಟದಲ್ಲಿ ಕಾರಿನ ಬಿಡಿಭಾಗಕ್ಕೇನು ಕೆಲಸವೆಂದು ಹಿರಿಯರಾದ ಕೆಲವು ವಾಚಕರು ಹುಬ್ಬೇರಿಸಬಹುದು. ಮೂವತ್ತು ವರ್ಷ ಭೌತಶಾಸ್ತ್ರ ಬೋಧಿಸಿದವನಿಂದ ಇನ್ನಾವ ಬಗೆಯ ಲೇಖನವನ್ನು ನಿರೀಕ್ಷಿಸುವಿರಿ ಎಂಬುದಷ್ಟೇ ನನ್ನ ಸಮಾಧಾನ.

ವಿಷಯಕ್ಕೆ ಬರುವ ಮೊದಲು ನನ್ನ ಅಣ್ಣನವರ ಸಂಗತಿಯನ್ನು ಹೇಳಬೇಕು. ಅವರಿಗೆ ಈಗ 82 ವಯಸ್ಸು. ಗದುಗಿನಲ್ಲಿ ಅರಿವೆ ಅಂಗಡಿ ನಡೆಸಿ ಸಂಸಾರ ಸಾಗಿಸಿದವರು; ಆದರೆ ಸಂಜೆ ಅಂಗಡಿಯ ಬಾಗಿಲು ಹಾಕಿದ ಮೇಲೆ ಅವರ ನಿಜವಾದ ಬದುಕು ತಬಲಾದ ಮುಂದೆ ಆರಂಭವಾಗುತ್ತಿದ್ದಿತು. ವೀರೇಶ್ವರ ಪುಣ್ಯಾಶ್ರಮವಿರುವ ಊರಿನಲ್ಲಿ ಹುಟ್ಟಿ ಬೆಳೆದವರಿಗೆ ಸಂಗೀತದ ಗಾಳಿ ಸೋಕದಿರುವುದೇ ಕಷ್ಟ. ಅಣ್ಣನವರು ಕಛೇರಿಯ ಕಲಾವಿದರಾಗಲಿಲ್ಲ, ಆಗಬೇಕೆಂದು ಹಂಬಲಿಸಲೂ ಇಲ್ಲ. ಭಜನೆಗೆ, ಮದುವೆಮನೆಯ ಗಾಯನಕ್ಕೆ, ಗೆಳೆಯರ ರಿಯಾಜಿಗೆ ಠೇಕಾ ಹಿಡಿದು ಕುಳಿತರೆ ಅಲುಗದ ಲಯ ಅವರದು. 1984ರಲ್ಲಿ ನಮ್ಮ ಮನೆಯ ಪಡಸಾಲೆಯಲ್ಲಿ ಅವರ ಗೆಳೆಯರೊಬ್ಬರು ಹಾಡಿದ್ದನ್ನು ನೆರೆಮನೆಯವರು ಕ್ಯಾಸೆಟ್ಟಿನಲ್ಲಿ ಹಿಡಿದಿಟ್ಟಿದ್ದರು. ಆ ಗಾಯಕರು ಈಗಿಲ್ಲ. ಆ ಕ್ಯಾಸೆಟ್ಟನ್ನು ನನ್ನ ಮಗನು ಈಚೆಗೆ ಪೆನ್‌ಡ್ರೈವ್‌ಗೆ ಇಳಿಸಿಕೊಟ್ಟನು. ವೈದ್ಯರಲ್ಲಿಗೆಂದು ಅಣ್ಣನವರನ್ನು ತಿಂಗಳಿಗೆ ಎರಡು ಸಲ ಹುಬ್ಬಳ್ಳಿಗೆ ಕರೆದೊಯ್ಯುವ ದಾರಿಯಲ್ಲಿ ಅದನ್ನು ಹಚ್ಚುವುದು ನಮ್ಮ ರೂಢಿಯಾಯಿತು.

ವೃದ್ಧಾಪ್ಯದಲ್ಲಿ ಕಿವಿಯು ಮಂದವಾಗುವ ಕ್ರಮ ಒಂದುಂಟು. ಮೊದಲು ಹೋಗುವುದು ಮೇಲಿನ ಕಂಪನಾಂಕಗಳು. ಕೆಳಗಿನವು ಬಹುಕಾಲ ಉಳಿದುಕೊಳ್ಳುತ್ತವೆ. ಅಣ್ಣನವರ ಶ್ರವಣಪರೀಕ್ಷೆಯ ನಕ್ಷೆಯನ್ನು ನಾನು ನೋಡಿದ್ದೇನೆ. ಎಡಗಡೆ 250 ಹರ್ಟ್ಸ್‌ನಲ್ಲಿ ಗೆರೆಯು ಹೆಚ್ಚು ಇಳಿದಿಲ್ಲ. ಬಲಕ್ಕೆ ಸಾಗಿದಂತೆ ಬೆಟ್ಟದ ಇಳಿಜಾರಿನಂತೆ ಜಾರಿ 4,000 ಹರ್ಟ್ಸ್‌ನ ಹೊತ್ತಿಗೆ ತಳ ಸೇರಿದೆ. ಗಾಯಕರ ಕಂಠದ ಕುಸುರಿ, ತಬಲಾದ ಬಲಗೈಯ ಚಾಟಿ, ತಂಬೂರಿಯ ಝೇಂಕಾರ ಇವೆಲ್ಲ ಅವರ ಪಾಲಿಗೆ ಮಂಜಿನೊಳಗೆ ಮರೆಯಾಗಿವೆ. ಶ್ರವಣಸಾಧನವು ಮಾತಿಗೆ ನೆರವಾಗುತ್ತದೆ, ಆದರೆ ಸಂಗೀತವನ್ನು ತಗಡು ಮಾಡುತ್ತದೆ ಎಂಬುದು ಅವರ ಆಕ್ಷೇಪ. ಕಾರಿನಲ್ಲಿ ಕುಳಿತೊಡನೆ ತೆಗೆದು ಜೇಬಿಗಿಡುತ್ತಾರೆ. ಉಳಿದಿರುವುದು ಡಗ್ಗಾ. ಎಡಗೈಯ ಆ ಗಂಭೀರವಾದ ದನಿಯು ಆಸನದ ಬೆನ್ನಿನಿಂದಲೂ ಕಾಲಡಿಯ ನೆಲದಿಂದಲೂ ಏರಿ ಅವರನ್ನು ಮುಟ್ಟುತ್ತದೆ. ಮನೆಯಲ್ಲಿರುವ ಯಾವ ಸಾಧನದಿಂದಲೂ ಅವರಿಗೆ ಈ ಸುಖವಿಲ್ಲ.

ಕಾರು ಹಳೆಯದು, ಇನ್ನೊಬ್ಬರು ಬಳಸಿ ಮಾರಿದ್ದನ್ನು ನಾವು ಕೊಂಡಿದ್ದು. ಹಿಂದಿನ ಆಸನದ ಬೆನ್ನಿಗೂ ಗಾಜಿಗೂ ನಡುವೆ ಇರುವ ಹಲಗೆಯ ಅಡಿಯಲ್ಲಿ ಎಂಟು ಅಂಗುಲದ ಸಬ್‌ವೂಫರನ್ನು ತಯಾರಕರೇ ಕೂಡಿಸಿದ್ದರು. ಕಳೆದ ಬೇಸಗೆಯಿಂದ ಅದರಲ್ಲಿ ಒಂದು ಕಟಕಟ ಸದ್ದು ಸೇರಿಕೊಂಡಿತು. ಡಗ್ಗಾದ ಪ್ರತಿಯೊಂದು ಪೆಟ್ಟಿಗೂ ಹಿಂದಿನಿಂದ ಯಾರೋ ಹರಿದ ತಗಡನ್ನು ಅಲುಗಿಸಿದಂತಾಗುವುದು. ಮೊಮ್ಮಕ್ಕಳು ಕಿವಿ ಮುಚ್ಚಿಕೊಂಡರು, ಸೊಸೆ ಗೊಣಗಿದಳು, ಮಗನು ಮಂದ್ರದ ಅಳತೆಯನ್ನು ಪೂರ್ತಿ ಕೆಳಕ್ಕಿಳಿಸಿಬಿಟ್ಟನು. ಕಟಕಟ ನಿಂತಿತು, ಎಲ್ಲರಿಗೂ ನೆಮ್ಮದಿಯಾಯಿತು. ಅಣ್ಣಿಗೇರಿ ದಾಟುವ ಹೊತ್ತಿಗೆ ಅಣ್ಣನವರು ಮುಂದಕ್ಕೆ ಬಾಗಿ ನನ್ನ ಹೆಗಲು ಮುಟ್ಟಿ, “ಯಾಕೋ ತಮ್ಮಾ, ಪದಾ ಬಂದ್ ಮಾಡೀರೇನು?” ಎಂದು ಕೇಳಿದರು. ಹಾಡು ಆಗಲೂ ಚೆನ್ನಾಗಿ ನಡೆದಿದ್ದಿತು.

ನಮ್ಮೆಲ್ಲರಿಗೂ ಹಿಂಸೆಯಾಗಿದ್ದ ಕಟಕಟವು ಅವರಿಗೆ ಕೇಳಿಸಿಯೇ ಇರಲಿಲ್ಲ. ಇದರ ಕಾರಣವನ್ನು ಸ್ವಲ್ಪ ವಿವರಿಸುತ್ತೇನೆ. ಸಬ್‌ವೂಫರು 50 ಹರ್ಟ್ಸ್‌ನಲ್ಲಿ ನುಡಿದರೂ, ಅದರ ಕಂಪನಕ್ಕೆ ಸಡಿಲವಾದ ಎರಡು ವಸ್ತುಗಳು ಒಂದಕ್ಕೊಂದು ಬಡಿಯತೊಡಗಿದರೆ ಆ ಬಡಿತವು 50 ಹರ್ಟ್ಸ್‌ನಲ್ಲಿಯೇ ನಿಲ್ಲುವುದಿಲ್ಲ. ಪ್ರತಿಯೊಂದು ಬಡಿತವೂ ಚಿಕ್ಕ ಆಘಾತವಾದುದರಿಂದ ಸಾವಿರಾರು ಹರ್ಟ್ಸ್‌ವರೆಗಿನ ಮೇಲ್ಸ್ವರಗಳನ್ನು ಅದು ಚೆಲ್ಲುತ್ತದೆ. ಮನುಷ್ಯನ ಕಿವಿ ಅತ್ಯಂತ ಸೂಕ್ಷ್ಮವಾಗಿರುವುದು ಸುಮಾರು 2,000ದಿಂದ 5,000 ಹರ್ಟ್ಸ್‌ಗಳ ನಡುವೆ. ಕೆಳಸ್ವರಗಳಿಗೆ ಅದು ಬಹಳ ಮಂದ. ಫ್ಲೆಚರ್ ಮತ್ತು ಮನ್ಸನ್ ಎಂಬ ವಿಜ್ಞಾನಿಗಳು 1933ರಲ್ಲಿಯೇ ಇದನ್ನು ಅಳೆದು ತೋರಿಸಿದ್ದಾರೆ. ಆದುದರಿಂದ ಮೂಲಧ್ವನಿಗಿಂತ ಎಷ್ಟೋ ಪಾಲು ದುರ್ಬಲವಾದ ಕಟಕಟವು ಎಳೆಯ ಕಿವಿಗಳಿಗೆ ಮುಳ್ಳಿನಂತೆ ಚುಚ್ಚುತ್ತದೆ. ಅಣ್ಣನವರ ಕಿವಿಯಲ್ಲಿ ಆ ಮುಳ್ಳು ನಾಟುವ ಸ್ಥಳವೇ ಇಲ್ಲ. ಅವರಿಗೆ ಮೂಲವಷ್ಟೇ ಕೇಳುತ್ತಿದ್ದಿತು. ಉಳಿದವರಿಗಾಗಿ ಮಂದ್ರವನ್ನು ಅಡಗಿಸಿದರೆ ಅವರ ಪಾಲಿಗೆ ಸಂಗೀತವೇ ಇಲ್ಲ, ಅವರಿಗಾಗಿ ಏರಿಸಿದರೆ ಉಳಿದವರು ಕಾರಿನಲ್ಲಿ ಕೂಡುವಂತಿಲ್ಲ. ನನಗೆ ಈ ದುರಸ್ತಿಯು ಕೂಡಲೇ ಆಗಬೇಕಾದ ಕೆಲಸವಾಗಿ ಕಂಡಿತು.

ಕಂಪನಿಯ ಅಧಿಕೃತ ದುರಸ್ತಿಶಾಲೆಯೊಂದರಲ್ಲಿ ತೋರಿಸಿದೆವು. ಅಲ್ಲಿಯವರು ಅರ್ಧ ನಿಮಿಷ ಆಲಿಸಿ, ಹಲಗೆಯನ್ನು ಎತ್ತಿಯೂ ನೋಡದೆ, ಇಡೀ ಸೆಟ್ಟನ್ನೇ ಬದಲಿಸಬೇಕೆಂದರು. ಬೆಲೆ ನನ್ನ ತಿಂಗಳ ಪಿಂಚಣಿಯ ಅರ್ಧವನ್ನು ಮೀರುತ್ತಿದ್ದಿತು. ತರಿಸಲು ಆರು ವಾರ ಬೇಕೆಂದರು. ರೋಗಿಯ ನಾಡಿ ಹಿಡಿಯದೆ ಶಸ್ತ್ರಕ್ರಿಯೆ ಹೇಳುವ ವೈದ್ಯನ ಬಗ್ಗೆ ನನಗೆ ಎಂದೂ ವಿಶ್ವಾಸವಿಲ್ಲ. ನಮ್ಮ ಶಾಲೆಯಲ್ಲಿಯೇ ಎಸ್.ಎಸ್.ಎಲ್.ಸಿ. ಮುಗಿಸಿ, ಐ.ಟಿ.ಐ. ಓದಿ, ಈಗ ಗದುಗಿನಲ್ಲಿ ಸ್ವಂತ ಗ್ಯಾರೇಜು ಇಟ್ಟಿರುವ ಹುಡುಗನೊಬ್ಬನಿದ್ದಾನೆ. ಅವನಲ್ಲಿಗೆ ಹೋದೆ. ಅವನು ಕಾರಿನ ಸುತ್ತ ಒಂದು ಸುತ್ತು ಬಂದು, “ಸರ್, ಬಡಿಯೂದು ಸ್ಪೀಕರೋ, ಅದರ ಬಾಜೂಕಿನದೋ, ಮೊದಲ ಅದನ್ನ ನೋಡೂಣ್ರಿ. ತಗದ ಒಗಿಯೂದು ಎಲ್ಲಾರಿಗೂ ಬರ್ತೈತಿ” ಎಂದನು. ಈ ಮಾತು ಕೇಳಿ ಅವನ ಭೌತಶಾಸ್ತ್ರದ ಅಂಕಗಳೆಷ್ಟಿದ್ದವೆಂದು ವಿಚಾರಿಸುವ ಗೋಜಿಗೆ ನಾನು ಹೋಗಲಿಲ್ಲ.

ನಮ್ಮ ಶಾಲೆಯ ಪ್ರಯೋಗಾಲಯದಲ್ಲಿ ಮರದ ಪೆಟ್ಟಿಗೆಗಳ ಮೇಲೆ ನಿಲ್ಲಿಸಿದ ಒಂದೇ ಕಂಪನಾಂಕದ ಎರಡು ಶ್ರುತಿಕವೆಗಳಿದ್ದುದನ್ನು ಹಳೆಯ ವಿದ್ಯಾರ್ಥಿಗಳು ಮರೆತಿರಲಾರರು. ಒಂದನ್ನು ಬಡಿದು ಕೈಯಿಂದ ಹಿಡಿದು ನಿಲ್ಲಿಸಿದರೆ, ಮುಟ್ಟದೆ ಇದ್ದ ಇನ್ನೊಂದು ತಾನೇ ನುಡಿಯುತ್ತಿರುವುದು ಕೇಳಿಬರುತ್ತಿದ್ದಿತು. ಅನುರಣನದ ಈ ತತ್ತ್ವವೇ ನಮಗೆ ಉಪಕರಣವಾಯಿತು. ಕಾರಿನ ಒಳಗಿನ ಪ್ರತಿಯೊಂದು ಪಟ್ಟಿಗೂ, ಮುಚ್ಚಳಕ್ಕೂ, ತಗಡಿಗೂ ತನ್ನದೇ ಆದ ಸಹಜ ಕಂಪನಾಂಕವಿರುತ್ತದೆ. ಆ ಸಂಖ್ಯೆಯನ್ನು ನುಡಿಸಿದರೆ ಅದು ಓಗೊಡುತ್ತದೆ. ಬೇರೆ ಸಂಖ್ಯೆಗೆ ಬಹುಮಟ್ಟಿಗೆ ಸುಮ್ಮನಿರುತ್ತದೆ. ಹಾಡನ್ನು ಹಚ್ಚಿ ಕಟಕಟವನ್ನು ಹುಡುಕುವುದೆಂದರೆ ಸಂತೆಯಲ್ಲಿ ಒಬ್ಬನ ಕೆಮ್ಮನ್ನು ಗುರುತಿಸಿದಂತೆ. ಮೊಬೈಲ್ ಫೋನಿನಲ್ಲಿ ಶುದ್ಧಸ್ವರಗಳನ್ನು ಹುಟ್ಟಿಸುವ ಸೌಲಭ್ಯ ಈಗ ಬಿಟ್ಟಿಯಾಗಿ ಸಿಗುತ್ತದೆ. ಬೆಳಗಿನ ಐದೂವರೆಗೆ, ಬೀದಿ ಎಚ್ಚರಗೊಳ್ಳುವ ಮುನ್ನ, ಎಂಜಿನ್ನು ನಿಲ್ಲಿಸಿ, ಬ್ಯಾಟರಿಗೆ ಚಾರ್ಜರು ತಗುಲಿಸಿ, 30 ಹರ್ಟ್ಸ್‌ನಿಂದ ಮೊದಲುಮಾಡಿ ಒಂದೊಂದೇ ಅಂಕೆ ಏರಿಸುತ್ತ 120ರವರೆಗೆ ಹೋಗುವುದೆಂದು ತೀರ್ಮಾನಿಸಿದೆವು. ನಾನು ಒಳಗೆ ಕುಳಿತು ಅಂಕೆ ಹೇಳುವುದು, ಅವನು ಅಂಗೈಯಿಂದ ಒಂದೊಂದು ಭಾಗವನ್ನು ಒತ್ತಿ ಹಿಡಿಯುವುದು. ಕೈ ಒತ್ತಿದಾಗ ಸದ್ದು ನಿಂತರೆ ಕಳ್ಳ ಸಿಕ್ಕನೆಂದು ಅರ್ಥ.

ಆ ಎರಡು ಮುಂಜಾವುಗಳಷ್ಟು ರಸವತ್ತಾದ ಪ್ರಯೋಗವನ್ನು ನಾನು ವೃತ್ತಿಯಲ್ಲಿದ್ದಾಗಲೂ ಮಾಡಿರಲಿಲ್ಲ. 38ಕ್ಕೆ ಬಂದಾಗ ಕಾರಿನ ಹೊರಗಿನಿಂದ ಬೋಗುಣಿ ಬಡಿದಂತಹ ಸದ್ದು ಎದ್ದಿತು. ಅದು ಹಿಂದಿನ ನಂಬರ್ ಪ್ಲೇಟು. ಅದರ ಹಿಂದೆ ರಬ್ಬರಿನ ಎರಡು ತುಂಡುಗಳನ್ನು ಕೊಟ್ಟಾಗ ಮೌನವಾಯಿತು. 47ಕ್ಕೆ ಡಿಕ್ಕಿಯಲ್ಲಿ ಸ್ಟೆಪ್ನಿಯ ಪಕ್ಕದಲ್ಲಿದ್ದ ಜ್ಯಾಕು ಮತ್ತು ಪಾನಾ ಒಂದಕ್ಕೊಂದು ಮಾತಾಡತೊಡಗಿದವು. ಹಳೆಯ ಧೋತರದ ತುಂಡಿನಲ್ಲಿ ಸುತ್ತಿ ಮಲಗಿಸಿದೆವು. 54ರಿಂದ 58ರವರೆಗೆ ಹಿಂಬದಿಯ ಹಲಗೆಯೇ ಕುಣಿಯಿತು. ಅದನ್ನು ಹಿಡಿದಿದ್ದ ಪ್ಲಾಸ್ಟಿಕ್ ಕ್ಲಿಪ್ಪುಗಳಲ್ಲಿ ಒಂದು ಮುರಿದಿದ್ದು, ಹಲಗೆಯು ಕೆಳಗಿನ ತಗಡಿಗೆ ಬಡಿಯುತ್ತಿದ್ದಿತು. 66ಕ್ಕೆ ಗಾಜಿಗೆ ಆನಿಸಿದ್ದ ಮೂರನೆಯ ಬ್ರೇಕ್ ದೀಪದ ಮುಚ್ಚಳ. 72ಕ್ಕೆ ಸೀಟ್ ಬೆಲ್ಟು ಹಾದುಬರುವ ಪ್ಲಾಸ್ಟಿಕ್ ಚೌಕಟ್ಟು. ಹಲಗೆಯ ಸಂದಿನಿಂದ ಒಂದು ರೂಪಾಯಿಯ ನಾಣ್ಯವೂ ಒಂದು ಹೇರ್‌ಪಿನ್ನೂ ದೊರೆತವು. ನಾಣ್ಯವನ್ನು ಹುಡುಗನು ಕಣ್ಣಿಗೊತ್ತಿಕೊಂಡು ತನ್ನ ಜೇಬಿಗೆ ಸೇರಿಸಿದನು, ಅದು ನ್ಯಾಯವೇ.

ಒಂದು ಸದ್ದನ್ನು ಅಡಗಿಸಿದರೆ ಅದರ ಮರೆಯಲ್ಲಿದ್ದ ಇನ್ನೊಂದು ತಲೆ ಎತ್ತುತ್ತಿದ್ದುದು ಮಾತ್ರ ಪ್ರಯಾಸದ ಸಂಗತಿ. ದೊಡ್ಡ ಸದ್ದಿರುವಾಗ ಚಿಕ್ಕದು ಕಿವಿಗೆ ಕಾಣದು. ಹೀಗಾಗಿ ಒಂದೊಂದು ಅಂಕೆಯನ್ನೂ ಎರಡೆರಡು ಸಲ ಪರೀಕ್ಷಿಸಬೇಕಾಯಿತು. ಡಗ್ಗಾದ ಒಂದೊಂದು ಪೆಟ್ಟಿಗೆ ಇಷ್ಟೆಲ್ಲ ಗದ್ದಲ ಏಕೆ ಏಳುತ್ತಿತ್ತೆಂಬುದೂ ಆಗ ಸ್ಪಷ್ಟವಾಯಿತು. ಡಗ್ಗಾ ನುಡಿಸುವವನು ಬೆರಳಿನಿಂದ ಹೊಡೆದು, ಕೂಡಲೇ ಮಣಿಕಟ್ಟಿನ ಬುಡದಿಂದ ಚರ್ಮವನ್ನು ಒತ್ತಿ ಜಾರಿಸುತ್ತಾನೆ. ಚರ್ಮ ಬಿಗಿಯಾದಂತೆ ಸ್ವರವು ಕೆಳಗಿನಿಂದ ಮೇಲಕ್ಕೆ ತೇಲುತ್ತದೆ. ನಾವು ಅಂಕೆ ಅಂಕೆಯಾಗಿ ಏರಿದ ದಾರಿಯನ್ನು ಅಣ್ಣನವರ ಎಡಗೈ ಕ್ಷಣಾರ್ಧದಲ್ಲಿ ಏರಿಬಿಡುತ್ತಿತ್ತು. ದಾರಿಯಲ್ಲಿ ಸಿಕ್ಕ ಸಡಿಲವಾದುದೆಲ್ಲವನ್ನೂ ಎಬ್ಬಿಸುತ್ತಲೂ ಹೋಗುತ್ತಿತ್ತು. ನಮ್ಮ ಚರ್ಮವಾದ್ಯಗಳ ಇಂಥ ಗುಣಗಳತ್ತ ವಿಜ್ಞಾನಲೋಕದ ಗಮನ ಸೆಳೆದವರು ಸರ್ ಸಿ.ವಿ. ರಾಮನ್ನರು. ಬಲಗೈಯ ವಾದ್ಯದ ನಡುವೆ ಹಚ್ಚುವ ಕಪ್ಪು ಶಾಯಿಯೇ ಅದರ ಮೇಲ್ಸ್ವರಗಳನ್ನು ತಂತಿವಾದ್ಯದಂತೆ ಸುಸಂಗತಗೊಳಿಸುತ್ತದೆಂದು 1920ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಅವರು ಸಹೋದ್ಯೋಗಿಯೊಡನೆ ಪ್ರಕಟಿಸಿದರು. ಬೆಂಗಳೂರಿಗೆ ಬಂದು ನೆಲಸಿದ ಮೇಲೆ, 1934ರಲ್ಲಿ, ತಾವೇ ಸ್ಥಾಪಿಸಿದ ವಿಜ್ಞಾನ ಅಕಾಡೆಮಿಯ ಪತ್ರಿಕೆಯಲ್ಲಿ ಅದೇ ವಿಷಯವನ್ನು ಇನ್ನಷ್ಟು ವಿಸ್ತರಿಸಿದರು. ಡಗ್ಗಾದಲ್ಲಿ ಶಾಯಿಯು ನಟ್ಟನಡುವೆ ಇರದೆ ಒಂದು ಪಕ್ಕಕ್ಕೆ ಸರಿದಿರುವುದನ್ನು ವಾಚಕರು ಗಮನಿಸಿರಬಹುದು. ಒತ್ತಲು ಕೈಗೆ ಎಡೆ ಬೇಕಲ್ಲ!

ಇಷ್ಟೆಲ್ಲ ಆದ ಮೇಲೂ ಒಂದು ಸದ್ದು ಉಳಿಯಿತು. ಅದು ಕಟಕಟವಲ್ಲ, ಗಾಳಿಗೆ ಹರಿದ ಕಾಗದ ಬಡಿದುಕೊಳ್ಳುವಂತಹ ಪರಪರ ಸದ್ದು. ಯಾವ ಅಂಕೆಯಲ್ಲಿಯೂ ಇದ್ದಿತು, ಯಾವುದನ್ನು ಒತ್ತಿದರೂ ನಿಲ್ಲಲಿಲ್ಲ. ಇನ್ನು ಸಬ್‌ವೂಫರನ್ನೇ ಬಿಚ್ಚಬೇಕು. ಹುಡುಗನು ಮೊದಲು ಬ್ಯಾಟರಿಯ ಋಣಾಗ್ರವನ್ನು ಕಳಚಿ ಕೆಲವು ನಿಮಿಷ ಸುಮ್ಮನೆ ಕುಳಿತನು. ಹಿಂದಿನ ಕಂಬಗಳ ಹೊದಿಕೆಯೊಳಗೆ ಗಾಳಿಚೀಲಗಳಿರುವ ಕಾರುಗಳಲ್ಲಿ ಈ ಎಚ್ಚರಿಕೆ ಅವಶ್ಯ. ಆಸನ, ಹೊದಿಕೆ, ಹಲಗೆ ಒಂದೊಂದಾಗಿ ಹೊರಬಂದವು. ಸಬ್‌ವೂಫರನ್ನು ಹಿಡಿದಿದ್ದ ನಾಲ್ಕು ಸ್ಕ್ರೂಗಳಲ್ಲಿ ಎರಡು ಹಿಡಿತ ಕಳೆದುಕೊಂಡಿದ್ದವು. ಕಾಗದದ ಶಂಕುವಿನ ಅಂಚಿಗೆ ಸುತ್ತಲೂ ಅಂಟಿಸಿದ ಮೆತ್ತನೆಯ ಫೋಮಿನ ಪಟ್ಟಿಯನ್ನು ಬೆರಳಿನಿಂದ ಮುಟ್ಟಿದರೆ ಕಡಕ್ ರೊಟ್ಟಿಯಂತೆ ಪುಡಿಯಾಯಿತು. ಈ ಫೋಮು ತೇವಕ್ಕೂ ಶಾಖಕ್ಕೂ ವರ್ಷಗಳು ಕಳೆದಂತೆ ಸಡಿಲುವ ವಸ್ತು. ಹಿಂದಿನ ಗಾಜಿನ ಕೆಳಗೆ, ನಮ್ಮ ಸೀಮೆಯ ಬಿಸಿಲಿನಲ್ಲಿ, ಅದು ಇಷ್ಟು ದಿನ ಬಾಳಿದ್ದೇ ಹೆಚ್ಚು.

ಧ್ವನಿವರ್ಧಕದ ಈ ರಚನೆ ಒಂದು ಶತಮಾನದಷ್ಟು ಹಳೆಯದು. 1925ರಲ್ಲಿ ಅಮೆರಿಕದ ರೈಸ್ ಮತ್ತು ಕೆಲಾಗ್ ಎಂಬ ಇಬ್ಬರು ಎಂಜಿನಿಯರುಗಳು ವಿವರಿಸಿದ ವಿನ್ಯಾಸವೇ ಮೂಲತಃ ಇಂದಿಗೂ ನಡೆದುಬಂದಿದೆ. ಅಯಸ್ಕಾಂತದ ಸಣ್ಣ ಸಂದಿನಲ್ಲಿ ತಂತಿಯ ಸುರುಳಿ. ಸುರುಳಿಗೆ ಅಂಟಿದ ಶಂಕು. ಶಂಕುವಿನ ಅಂಚಿಗೆ ಮೆತ್ತನೆಯ ಆಧಾರ. ಸುರುಳಿಯಲ್ಲಿ ವಿದ್ಯುತ್ತು ಹಿಂದುಮುಂದಾಗಿ ಹರಿದಂತೆ ಶಂಕುವೂ ಹಿಂದುಮುಂದಾಗಿ ಚಲಿಸಿ ಗಾಳಿಯನ್ನು ದೂಡುತ್ತದೆ. ಕಂಪನಾಂಕವು ಅರ್ಧಕ್ಕಿಳಿದರೆ ಅದೇ ಬಲದ ಧ್ವನಿಗೆ ಶಂಕುವು ನಾಲ್ಕು ಪಟ್ಟು ದೂರ ಚಲಿಸಬೇಕು. ಅಂಚಿನ ಪಟ್ಟಿ ಹರಿದಾಗ ಮೊದಲು ಗೊತ್ತಾಗುವುದು ಮಂದ್ರದಲ್ಲಿಯೇ ಎಂಬುದಕ್ಕೆ ಇದೇ ಕಾರಣ. ಧ್ವನಿವರ್ಧಕವೂ ಅದರ ಪೆಟ್ಟಿಗೆಯೂ ಸೇರಿ ಒಂದೇ ವ್ಯವಸ್ಥೆಯೆಂದು, ಅದನ್ನು ಗಣಿತದಿಂದ ಮೊದಲೇ ಲೆಕ್ಕಹಾಕಬಹುದೆಂದು 1961ರಲ್ಲಿ ಆಸ್ಟ್ರೇಲಿಯದ ಥೀಲ್ ಎಂಬವರೂ, 1970ರ ದಶಕದಲ್ಲಿ ಸ್ಮಾಲ್ ಎಂಬವರೂ ತೋರಿಸಿದರು. ನಮ್ಮ ಕಾರಿನಲ್ಲಿ ಪೆಟ್ಟಿಗೆಯೆಂದರೆ ಡಿಕ್ಕಿಯೇ. ಶಂಕುವಿನ ಮುಂದಿನ ಅಲೆಯನ್ನು ಹಿಂದಿನ ಅಲೆಯಿಂದ ಬೇರ್ಪಡಿಸುವುದು ಆ ಹಲಗೆ ಮತ್ತು ತಗಡು. ಸ್ಕ್ರೂಗಳು ಸಡಿಲವಾಗಿ ಸಂದು ಬಿದ್ದರೆ ಎರಡು ಅಲೆಗಳೂ ಬೆರೆತು ಒಂದನ್ನೊಂದು ನುಂಗುತ್ತವೆ.

ಮಲ್ಟಿಮೀಟರು ಹಚ್ಚಿ ನೋಡಿದಾಗ ಸುರುಳಿಯು 3.4 ಓಮ್ ತೋರಿಸಿತು. ನಾಲ್ಕು ಓಮಿನದೆಂದು ಗುರುತು ಹಾಕಿದ್ದಕ್ಕೆ ಇದು ಸರಿಯಾದ ಅಳತೆ. ಎರಡೂ ಕೈಬೆರಳುಗಳಿಂದ ಶಂಕುವನ್ನು ಸಮನಾಗಿ ಒತ್ತಿ ಬಿಟ್ಟಾಗ ತಿಕ್ಕುವ ಸದ್ದಿಲ್ಲ. ಅಂದಮೇಲೆ ಪ್ರಾಣಕ್ಕೆ ಅಪಾಯವಿಲ್ಲ, ಚರ್ಮವಷ್ಟೇ ಹೋಗಿದೆ. ಹುಬ್ಬಳ್ಳಿಯಲ್ಲಿ ಮೈಕ್ ಸೆಟ್ಟಿನವರ ಧ್ವನಿವರ್ಧಕಗಳಿಗೆ ಹೊಸ ಕೋನು ಹಾಕಿಕೊಡುವ ಹಿರಿಯರೊಬ್ಬರಿದ್ದಾರೆ. ಗಣೇಶ ಚವತಿಯ ಮುಂಚಿನ ವಾರವಾದುದರಿಂದ ಅವರ ಅಂಗಡಿಯ ತುಂಬ ಹರಿದ ಕೋನುಗಳ ರಾಶಿ. ನಮ್ಮ ಎಂಟು ಅಂಗುಲದ ಕೂಸನ್ನು ನೋಡಿ ನಕ್ಕರು. ಆದರೂ ಕೈಗೆತ್ತಿಕೊಂಡರು. ಹಳೆಯ ಫೋಮನ್ನೂ ಗೋಂದನ್ನೂ ಕೆರೆದು ತೆಗೆದು, ಶಂಕುವಿನ ನಡುವಿನ ಟೊಪ್ಪಿಗೆಯನ್ನು ಬ್ಲೇಡಿನಿಂದ ಬಿಡಿಸಿ, ಸುರುಳಿಯ ಒಳಸಂದಿಗೆ ಹಳೆಯ ಎಕ್ಸರೇ ಹಾಳೆಯಿಂದ ಕತ್ತರಿಸಿದ ನಾಲ್ಕು ಸಣ್ಣ ಪಟ್ಟಿಗಳನ್ನು ಇಳಿಸಿದರು. ಅಂಟು ಒಣಗುವವರೆಗೆ ಸುರುಳಿಯು ನಟ್ಟನಡುವೆ ನಿಲ್ಲಲೆಂದು ಈ ಉಪಾಯ; ಒಂದು ಕೂದಲೆಳೆ ಸರಿದರೂ ಮುಂದೆ ಅದು ಅಯಸ್ಕಾಂತಕ್ಕೆ ಉಜ್ಜುತ್ತದೆ. ಹೊಸ ಅಂಚು ಫೋಮಿನದೋ ರಬ್ಬರಿನದೋ ಎಂದು ಕೇಳಿದಾಗ ಎರಡು ಮೂರು ರಬ್ಬರ್ ಪಟ್ಟಿಗಳನ್ನು ಬೆರಳಿನಲ್ಲಿ ಹಿಸುಕಿ, ಎಲ್ಲಕ್ಕಿಂತ ಮೆತ್ತನೆಯದನ್ನು ಆರಿಸಿದರು. “ಬಿರುಸಾದ್ದು ಹಾಕಿದರ ಬಾಳಿಕಿ ಬರ್ತೈತ್ರಿ, ಖರೆ, ಕೆಳಗಿನ ದನಿ ಸತ್ತ ಹೋಗ್ತೈತಿ” ಎಂದರು. ಅಂಚು ಬಿಗಿಯಾದಷ್ಟೂ ಶಂಕುವಿನ ಸಹಜ ಕಂಪನಾಂಕ ಮೇಲೇರುತ್ತದೆಂಬ ನಿಯಮವನ್ನು ಇದಕ್ಕಿಂತ ಚೊಕ್ಕಟವಾಗಿ ನಾನು ತರಗತಿಯಲ್ಲಿ ಹೇಳಿದ ನೆನಪಿಲ್ಲ. ಹಬ್ಬದ ಗಡಿಬಿಡಿಯಲ್ಲಿಯೂ ಒಂದು ರಾತ್ರಿ ಪೂರ್ತಿ ಒಣಗಲು ಬಿಟ್ಟು ಮರುದಿನ ಕೊಟ್ಟರು. ಎಲ್ಲ ಖರ್ಚು ಸೇರಿ ದುರಸ್ತಿಶಾಲೆಯವರು ಹೇಳಿದ ಮೊತ್ತದ ಹತ್ತನೆಯ ಒಂದು ಪಾಲೂ ಆಗಲಿಲ್ಲ.

ಮರಳಿ ಕೂಡಿಸುವ ಕೆಲಸ ಬೇಗ ಮುಗಿಯಿತು. ಒಂದೂವರೆ ವೋಲ್ಟಿನ ಸೆಲ್ಲನ್ನು ಕ್ಷಣಕಾಲ ತಗುಲಿಸಿ ಶಂಕುವು ಮುಂದಕ್ಕೆ ನೆಗೆಯುವುದನ್ನು ನೋಡಿ ಧನಋಣಗಳನ್ನು ಖಚಿತಪಡಿಸಿಕೊಂಡೆವು. ಅದಲುಬದಲಾದರೆ ಉಳಿದ ಧ್ವನಿವರ್ಧಕಗಳೊಡನೆ ಎದುರುಬದುರಾಗಿ ಮಂದ್ರವು ಬಡವಾಗುತ್ತದೆ. ತಗಡಿನ ಮೇಲೆ ಬ್ಯುಟೈಲ್ ರಬ್ಬರಿನ ಹಾಳೆಯನ್ನು ಒತ್ತಿ ಅಂಟಿಸಿದೆವು. ಅದು ತಗಡಿನ ನಡುಕವನ್ನು ಹೀರಿ ಶಾಖವಾಗಿ ಕರಗಿಸುತ್ತದೆ. ಹಲಗೆಗೂ ತಗಡಿಗೂ ನಡುವೆ ಹಾಕಲು ಒಳ್ಳೆಯ ಫೆಲ್ಟು ಎಲ್ಲಿಯೂ ಸಿಗದಿರಲು, ಹಾರ್ಮೋನಿಯಂ ದುರಸ್ತಿ ಮಾಡುವವರಲ್ಲಿಗೆ ಹೋಗಿ ಮನೆಗಳ ಕೆಳಗೆ ಹಾಸುವ ಪಟ್ಟಿಯನ್ನೇ ತಂದೆವು. ಸೀಟ್ ಬೆಲ್ಟಿನ ಚೌಕಟ್ಟಿನ ಹಿಂದೆಯೂ ಅದನ್ನೇ ಹಚ್ಚಿದ್ದಾಯಿತು. ಬೆಲ್ಟು ಸುತ್ತಿಕೊಳ್ಳುವ ಉರುಳೆಯ ಹತ್ತಿರಕ್ಕೆ ಮಾತ್ರ ಏನನ್ನೂ ಸೇರಿಸಗೊಡಲಿಲ್ಲ ಆ ಹುಡುಗ.

ಮುಂದಿನ ಸಲ ಹುಬ್ಬಳ್ಳಿಗೆ ಹೊರಟಾಗ ಮಂದ್ರದ ಅಳತೆಯನ್ನು ಮಗನೇ ಮೇಲಕ್ಕೆ ಏರಿಸಿದನು. ಅಣ್ಣನವರು ಎಂದಿನಂತೆ ಶ್ರವಣಸಾಧನವನ್ನು ಕಳಚಿ ಜೇಬಿಗಿಟ್ಟುಕೊಂಡರು. ವಿಲಂಬಿತ ಮುಗಿದು ದ್ರುತ್ ಆರಂಭವಾಗುವವರೆಗೆ ಏನೂ ಮಾತಾಡಲಿಲ್ಲ. ಎಡ ಅಂಗೈ ಮಾತ್ರ ಆಸನದ ಮೇಲೆ ಸಣ್ಣಗೆ ಒತ್ತಿ ಒತ್ತಿ ಜಾರುತ್ತಿದ್ದಿತು. ಒಂದು ಕಡೆ ತಟ್ಟನೆ ಕೈ ನಿಲ್ಲಿಸಿ ನಕ್ಕರು. “ಇಲ್ಲಿ ಅಂವಾ ಒಂದು ಮಾತ್ರಾ ಬಿಟ್ಟ ನೋಡು. ನಾ ತಡದು ಹಿಡದೆ. ಕುಂತವರಿಗೆ ಯಾರಿಗೂ ತಿಳೀಲಿಲ್ಲ” ಎಂದರು. ಆ ಸ್ಥಳವನ್ನು ನಾನೂ ಮಗನೂ ಹಿಂದಕ್ಕೆ ಸರಿಸಿ ಮೂರು ಸಲ ಕೇಳಿದೆವು. ಮೂರನೆಯ ಸಲ ನನಗೆ ಗೊತ್ತಾಯಿತು: ಡಗ್ಗಾದ ಒಂದು ‘ಗೆ’ ತನ್ನ ನೆಲೆಯಿಂದ ಕೊಂಚ ತಡವಾಗಿ ಬಂದು ಗಾಯಕರನ್ನು ಸಮದ ಮೇಲೆ ನಿಲ್ಲಿಸಿದೆ. ಇಷ್ಟು ವರ್ಷ ಕ್ಯಾಸೆಟ್ಟಿನಲ್ಲಿ ಕೇಳಿದ್ದರೂ ನಮ್ಮಲ್ಲಿ ಯಾರೊಬ್ಬರೂ ಅದನ್ನು ಗಮನಿಸಿರಲಿಲ್ಲ.

88 ಹರ್ಟ್ಸ್‌ನ ಹತ್ತಿರ ಎಡಗಡೆಯ ಹಿಂದಿನ ಬಾಗಿಲಿನಲ್ಲಿ ಏನೋ ಒಂದು ಈಗಲೂ ಸಣ್ಣಗೆ ಗುನುಗುತ್ತದೆ. ಬಾಗಿಲಿನ ಹೊದಿಕೆಯನ್ನು ಬಿಚ್ಚಬೇಕಾದೀತು. ದೀಪಾವಳಿ ಮುಗಿಸಿಕೊಂಡು ಗಾಡಿ ತಂದುಬಿಡಿರೆಂದು ಹುಡುಗನು ಹೇಳಿದ್ದಾನೆ.